ಮೆಲ್ಲಮ್ಮನ ಬೀರುವಿನ ಬಾಗಿಲು

ಮೆಲ್ಲಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದಿನಕ್ಕೆ ನೂರು ಸಲ "ಮೆಲ್ಲಗೆ, ಮೆಲ್ಲಗೆ" ಅನ್ನುವುದು ಅವಳ ಅಭ್ಯಾಸ. ಬಾಗಿಲು ಹಾಕುವವರಿಗೆ ಮೆಲ್ಲಗೆ, ಕೂಸನ್ನು ಎತ್ತಿಕೊಳ್ಳುವವರಿಗೆ ಮೆಲ್ಲಗೆ, ಹೊತ್ತಾಯಿತೆಂದು ಸಿಡಿಮಿಡಿಗುಟ್ಟುತ್ತ ಬರುವ ಅಪ್ಪಂದಿರಿಗೂ ಮೆಲ್ಲಗೆ. ಯಾರೋ ತಮಾಷೆಗೆ ಮೆಲ್ಲಮ್ಮ ಎಂದು ಕರೆದರು, ಅದೇ ಅಂಟಿಕೊಂಡಿತು. ಸಂಬಳದ ಹಾಳೆಯಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುವುದಿಲ್ಲ.

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಮೂರು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಆ ಡೇಕೇರ್ ಇತ್ತು. ಮುಂದಿನ ಕೋಣೆ ನಡೆದಾಡುವ ಮಕ್ಕಳದು, ಹಿಂದಿನದು ಕೂಸುಗಳದು. ಹಿಂದಿನ ಕೋಣೆಯಲ್ಲಿ ಎಂಟು ಪುಟ್ಟ ಮಂಚ, ನೆಲದ ನಡುಭಾಗಕ್ಕೆ ದಪ್ಪ ಚಾಪೆ, ಗೋಡೆಯ ಬುಡದಲ್ಲಿ ಅಂಬೆಗಾಲಿನವರಿಗೆ ಮುಖ ಕಾಣುವಷ್ಟು ಕೆಳಗೆ ಹಾಕಿದ ಕನ್ನಡಿ, ಒಂದು ಮೂಲೆಯಲ್ಲಿ ಹಾಲಿನ ಬಾಟಲಿ ಕುದಿಸುವ ಪಾತ್ರೆ, ಇನ್ನೊಂದು ಮೂಲೆಯಲ್ಲಿ ಹೊದಿಕೆಗಳನ್ನಿಡುವ ಹಳೆಯ ಮರದ ಬೀರು. ಈ ನಾಲ್ಕು ಗೋಡೆಗಳ ನಡುವೆ ಮೆಲ್ಲಮ್ಮ ಇಪ್ಪತ್ತಾರು ವರ್ಷ ಕಳೆದಿದ್ದಳು. ಮೊಣಕಾಲು ಸವೆದಿತ್ತು, ಕಿವಿ ಮಾತ್ರ ಚುರುಕಾಗಿತ್ತು.

ಅವಳ ಕೆಲಸದ ರೀತಿ ನೋಡಿದ ಹೊಸಬರಿಗೆ ನಗು ಬರುತ್ತಿತ್ತು. ಚಡ್ಡಿ ಬದಲಿಸುವ ಮುಂಚೆ ಮೂರು ತಿಂಗಳ ಕೂಸಿನ ಹತ್ತಿರ, "ಈಗ ಕಾಲು ಎತ್ತುತ್ತೀನಿ, ಆಯ್ತಾ?" ಎಂದು ಕೇಳುವಳು. ಕೇಳಿ ಸುಮ್ಮನಾಗುವುದೂ ಇಲ್ಲ, ಕೂಸು ತಾನಾಗಿ ಕಾಲನ್ನು ಒಂದಿಷ್ಟು ಸಡಿಲ ಬಿಡುವವರೆಗೆ ಕಾಯುವಳು.

"ಅದಕ್ಕೇನು ಅರ್ಥ ಆಗುತ್ತೆ ಮೆಲ್ಲಮ್ಮ?" ಎಂದು ಒಬ್ಬ ಅಪ್ಪ ಕೇಳಿದ್ದ.

"ನಿಮಗೆ ದಿನಾ ಹೇಳ್ತೀನಿ, ಐದು ಗಂಟೆಗೆ ಬನ್ನಿ ಅಂತ. ಅರ್ಥ ಆಗಿದೆಯಾ? ಆದ್ರೂ ಹೇಳೋದು ಬಿಟ್ಟಿದೀನಾ?"

ತಾನಾಗಿ ಕೂರಲು ಬಾರದ ಕೂಸನ್ನು ದಿಂಬು ಕೊಟ್ಟು ಕೂರಿಸುವುದು ಅವಳಿಗೆ ಆಗದು. ಕೂರುವ ದಾರಿಯನ್ನು ಅದೇ ಹುಡುಕಿಕೊಳ್ಳಲಿ, ಬೆನ್ನು ಗಟ್ಟಿಯಾಗುವುದು ಹುಡುಕಾಟದಲ್ಲೇ, ಎನ್ನುವಳು. ಅಳುವಿನಲ್ಲಿ ಹಸಿವಿನದು ಯಾವುದು, ನಿದ್ದೆಯದು ಯಾವುದು, ಬರಿಯ ಬೇಜಾರಿನದು ಯಾವುದು ಎಂದು ಬೆನ್ನು ತಿರುಗಿಸಿ ನಿಂತೇ ಹೇಳುವಳು. ಪ್ರತಿ ಕೂಸಿಗೂ ಒಂದು ಪುಸ್ತಕ. ಎಷ್ಟು ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಒದ್ದೆ ಮಾಡಿತು, ಮೈ ಬೆಚ್ಚಗಿತ್ತೋ ಇಲ್ಲವೋ ಎಲ್ಲ ಅದರಲ್ಲಿ ಬರೆಯುವಳು. ಆದರೆ ಒಂದು ಸಂಗತಿಯನ್ನು ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಬರೆದಿರಲಿಲ್ಲ. ಯಾವ ಕೂಸು ಅಲ್ಲಿ ಮೊದಲ ಸಲ ಏನು ಮಾಡಿತು ಎನ್ನುವುದನ್ನು.

ಅದಕ್ಕೆ ಕಾರಣವಿತ್ತು. ಅವಳು ಕೆಲಸಕ್ಕೆ ಸೇರಿದಾಗ ಅವಳ ಮಗಳಿಗೆ ಹನ್ನೊಂದು ತಿಂಗಳು. ಆಗ ಕೆಲಸದವರ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯಾಕೆಯ ಹತ್ತಿರ ತನ್ನ ಕೂಸನ್ನು ಬಿಟ್ಟು, ಇಲ್ಲಿ ಊರವರ ಕೂಸುಗಳನ್ನು ಎತ್ತಿ ಆಡಿಸಲು ಬರುತ್ತಿದ್ದಳು. ಒಂದು ಸಂಜೆ ಪಕ್ಕದ ಮನೆಯಾಕೆ ಬೀದಿಯ ತಿರುವಿನಲ್ಲೇ ಎದುರಾದಳು. "ನಿನ್ನ ಮಗಳು ಇವತ್ತು ನಾಲ್ಕು ಹೆಜ್ಜೆ ಹಾಕಿದ್ಲು ಕಣೇ! ನಾನೇ ಕೈ ಚಾಚಿದ್ದು, ಸೀದಾ ಬಂದು ನನ್ನ ಮಡಿಲಿಗೇ ಬಿದ್ಲು!" ಆಕೆಯ ಮನಸ್ಸಿನಲ್ಲಿ ಕೊಂಕು ಇರಲಿಲ್ಲ, ಬರಿಯ ಸಂತೋಷ. ಮೆಲ್ಲಮ್ಮ ಮನೆಗೆ ಹೋಗಿ ಮಗಳನ್ನು ಹತ್ತು ಸಲ ನಿಲ್ಲಿಸಿದಳು. ನಿದ್ದೆ ಬಂದಿದ್ದ ಕೂಸು ಕಾಲು ಮಡಚಿ ಅತ್ತಿತು. ಅದರ ಜೊತೆ ಇವಳೂ ಅತ್ತಳು. ಆ ಮಗಳು ಮುಂದೆ ಓಡಿದಳು, ಕುಣಿದಳು, ಮದುವೆಯಾಗಿ ತನ್ನದೇ ಸಂಸಾರ ಹೂಡಿದಳು. ಅಷ್ಟೆಲ್ಲ ನಡಿಗೆ ನೋಡಿದರೂ ಆ ನಾಲ್ಕು ಹೆಜ್ಜೆ ಮೆಲ್ಲಮ್ಮನ ಪಾಲಿಗೆ ಬರಲೇ ಇಲ್ಲ.

ಅಂದಿನಿಂದ ಅವಳ ಕಟ್ಟಳೆ ಒಂದೇ. ಮೊದಲನೆಯದು ಅಮ್ಮನಿಗೆ. ಕೂಸು ಇಲ್ಲಿ ನಡೆದರೂ ನಡೆಯಲಿಲ್ಲ, ಇಲ್ಲಿ ಮಾತಾಡಿದರೂ ಮಾತಾಡಲಿಲ್ಲ. ಸಂಜೆ ತಾಯಿ ಬಂದಾಗ, "ಎರಡು ದಿನ ಸ್ವಲ್ಪ ಕಣ್ಣಿಟ್ಟಿರಿ, ಹೆಜ್ಜೆ ಹಾಕೋ ಹಾಗೆ ಕಾಣ್ತಾನೆ" ಅಂದು ಬಿಡುವಳು. ಮಾರನೆಯ ದಿನ ಆ ತಾಯಿ ಬೀದಿಯಿಂದಲೇ "ಮೆಲ್ಲಮ್ಮಾ, ನಡೆದ!" ಎಂದು ಕೂಗುತ್ತ ಓಡಿ ಬರುವಳು. ಆಗ ಮೆಲ್ಲಮ್ಮ, "ಹೌದಾ! ನಿಜವಾಗ್ಲೂ?" ಎಂದು ಬೆರಗಾಗುವಳು. ಆ ಬೆರಗನ್ನು ಅವಳು ಹೊಸಬರಿಗೆ ಕಲಿಸುತ್ತಲೂ ಇದ್ದಳು. "ಮೊದಲು ಹುಬ್ಬು ಏರಬೇಕು, ಬಾಯಿ ಆಮೇಲೆ ತೆರೀಬೇಕು. ಎರಡೂ ಒಟ್ಟಿಗೆ ಆದ್ರೆ ಸುಳ್ಳು ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತೆ."

ಆದರೂ ನೋಡಿದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು ಸುಲಭವೇ? ಬೀರುವಿನ ಬಾಗಿಲ ಒಳಮೈಯಲ್ಲಿ, ಹೊದಿಕೆ ತೆಗೆಯುವವರ ಕಣ್ಣಿಗೆ ಬೀಳದಷ್ಟು ಕೆಳಗೆ, ಪೆನ್ಸಿಲ್ಲಿನಲ್ಲಿ ಸಣ್ಣಕ್ಕೆ ಬರೆಯುತ್ತ ಬಂದಳು. ಕೂಸಿಗೆ ತಾನಿಟ್ಟ ಅಡ್ಡಹೆಸರು, ತಾರೀಖು, ನಡೆದದ್ದು. "ಗುಂಡ, ಮಗುಚಿದ." "ಬೆಣ್ಣೆ, ಎದ್ದು ನಿಂತಳು." ವರ್ಷಗಳು ಕಳೆದಂತೆ ಬಾಗಿಲ ಕೆಳಗಿನ ಅರ್ಧ ತುಂಬಿತು.

ಗುಬ್ಬಿ ಬಂದದ್ದು ಆರು ತಿಂಗಳ ಕೂಸಾಗಿ. ಚಮಚ ಕಂಡರೆ ಸಾಕು, ಕುತ್ತಿಗೆ ಉದ್ದ ಮಾಡಿ ಬಾಯಿ ತೆರೆಯುವಳು, ಅದಕ್ಕೇ ಆ ಹೆಸರು. ತಾಯಿ ಬಸ್ ಕಂಡಕ್ಟರು, ಎಲ್ಲರ ಬಾಯಲ್ಲಿ ಕಂಡಕ್ಟರಮ್ಮ. ಬೆಳಗಿನ ಆರಕ್ಕೆ ಮೊದಲ ಬಸ್ಸು. ಕೂಸನ್ನು ಕೊಟ್ಟು, ಟಿಕೆಟ್ ಚೀಲ ಹೆಗಲಿಗೇರಿಸಿ ಓಡುವಳು. ಗಂಡ ಲಾರಿ ಚಾಲಕ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಆಕೆ ಸಂಜೆ ಬರುವಷ್ಟರಲ್ಲಿ ಗುಬ್ಬಿ ಅರೆನಿದ್ದೆಯಲ್ಲಿರುತ್ತಿದ್ದಳು.

ಗುಬ್ಬಿಗೂ ಮೆಲ್ಲಮ್ಮನಿಗೂ ಒಂದು ಆಟವಿತ್ತು. ಮೆಲ್ಲಮ್ಮ ಬೀರುವಿನ ಬಾಗಿಲು ತೆರೆದು ಅದರ ಹಿಂದೆ ಅಡಗುವಳು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ "ಬಾ" ಅನ್ನುವಳು. ಗುಬ್ಬಿ ಎಲ್ಲಿದ್ದರೂ ಸರಕ್ಕನೆ ತಿರುಗಿ ದಡಬಡ ಅಂಬೆಗಾಲಿಟ್ಟು ಬರುವಳು. ಹತ್ತು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ ಬಾಗಿಲ ಹಿಂದಿನಿಂದ "ಬಾ" ಅಂದಾಗ ಈಚೆಯಿಂದಲೂ ಒಂದು "ಬಾ" ಬಂತು. ಮೆಲ್ಲಮ್ಮ ಇಣುಕಿದಳು. ಗುಬ್ಬಿ ಕೈ ಚಾಚಿ, ಬೆರಳು ಮಡಚಿ, ಇನ್ನೊಮ್ಮೆ ಕರೆದಳು. ಸುಮ್ಮನೆ ಹೊರಟ ಸದ್ದಲ್ಲ, ಕರೆಯೇ. ಆ ಸಂಜೆ ಪುಸ್ತಕದಲ್ಲಿ ಹಾಲು, ನಿದ್ದೆ, ಒದ್ದೆ. ಬೀರುವಿನ ಬಾಗಿಲಲ್ಲಿ, "ಗುಬ್ಬಿ, ಬಾ ಅಂದಳು." ತಾಯಿಗೆ ಮಾತ್ರ, "ಮನೇಲಿ ಬಾಗಿಲ ಹಿಂದೆ ಅಡಗಿ ಆಟ ಆಡಿಸಿ ನೋಡಿ" ಎಂದು ಸೂಚನೆ ಕೊಟ್ಟಳು. ಆ ವಾರವೆಲ್ಲ ಕಂಡಕ್ಟರಮ್ಮನಿಗೆ ಎರಡು ಪಾಳಿಯ ದುಡಿಮೆ. ಅಡಗುವುದಿರಲಿ, ಕೂರುವುದಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

ಅದಾದ ಹನ್ನೊಂದನೆಯ ದಿನ ಗುಬ್ಬಿಗೆ ಜ್ವರ ಬಂತು. ಮಿದುಳಿನ ಪೊರೆಗೆ ತಗಲಿದ ಜ್ವರವಂತೆ. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡರು. ಜೀವ ಉಳಿಯಿತು. ಕಂಡಕ್ಟರಮ್ಮ ಕೂಸನ್ನು ಮತ್ತೆ ತಂದು ಕೊಟ್ಟ ಬೆಳಿಗ್ಗೆ ಮೆಲ್ಲಮ್ಮ ಅದರ ಪಾದಗಳನ್ನು ಕಣ್ಣಿಗೊತ್ತಿಕೊಂಡಳು.

ಮರುದಿನ ಬಾಗಿಲ ಹಿಂದೆ ಅಡಗಿ "ಬಾ" ಅಂದಳು. ಗುಬ್ಬಿ ಬರಲಿಲ್ಲ. ಇಣುಕಿದರೆ ಕೂಸು ತನ್ನ ಕಾಲುಚೀಲ ಎಳೆಯುತ್ತ ಕೂತಿತ್ತು. ಮೆಲ್ಲಮ್ಮನ ಮುಖ ಕಂಡದ್ದೇ ಬಾಯಿ ತುಂಬ ನಕ್ಕಿತು. ನಿಶ್ಶಕ್ತಿ ಇರಬೇಕು ಅಂದುಕೊಂಡಳು. ನಾಲ್ಕನೆಯ ದಿನ ಹಿಂದಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸಿದಳು. ಕೂಸು ತಿರುಗಲಿಲ್ಲ. ಅವಳು ಮೇಡಂ ಹತ್ತಿರ ಹೋಗಿ ಹೇಳಿದಳು.

ಡೇಕೇರ್ ನಡೆಸುವ ಮೇಡಂ ಕೆಟ್ಟವರಲ್ಲ, ಆದರೆ ದೂರು ಎಂದರೆ ಅವರಿಗೆ ಭಯ. "ಜ್ವರದಿಂದ ಎದ್ದ ಮಗು ಮೆಲ್ಲಮ್ಮ, ಮಂಕಾಗಿರುತ್ತೆ. ನಾವು ಡಾಕ್ಟರಲ್ಲ. ಆ ತಾಯೀನ ಮತ್ತೆ ಹೆದರಿಸಬೇಡಿ" ಎಂದರು.

ಮೆಲ್ಲಮ್ಮ ಅಂದು ಸಂಜೆ ತಾಯಿಗೆ ಅರ್ಧ ಮಾತು ಹೇಳಿದಳು. "ಕಿವಿ ಒಂದ್ಸಲ ತೋರಿಸಿಬಿಡಿ." ಕಂಡಕ್ಟರಮ್ಮ ರಜೆಯ ದಿನ ಬೀದಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಬಂದು ಹಗುರವಾಗಿ ಹೇಳಿದಳು: "ದೀಪ ಹಿಡಿದು ನೋಡಿದ್ರು. ಮೊದಲು ಏನಾದ್ರೂ ಮಾತಾಡ್ತಿತ್ತಾ ಅಂತ ಕೇಳಿದ್ರು. ಇಲ್ಲ, ಇನ್ನೂ ಶುರು ಮಾಡಿಲ್ಲ ಅಂದೆ. ಹಾಗಾದ್ರೆ ಗಾಬರಿ ಬೇಡ, ಕೆಲವು ಮಕ್ಕಳು ನಿಧಾನ, ಒಂದೂವರೆ ವರ್ಷದವರೆಗೆ ನೋಡೋಣ ಅಂದ್ರು. ಇವರಪ್ಪನೂ ಮೂರು ವರ್ಷಕ್ಕೆ ಮಾತು ಕಲಿತದ್ದಂತೆ. ಆದ್ರೆ ಒಂದು ಒಳ್ಳೇದಾಯ್ತು ಮೆಲ್ಲಮ್ಮ, ಈಗ ಏನು ನಿದ್ದೆ ಅಂತೀರಿ! ಪಕ್ಕದ ಮನೆ ನಾಯಿ ಬೊಗಳಿದ್ರೂ ಏಳಲ್ಲ."

ನಿಜ ಮೆಲ್ಲಮ್ಮನ ಬಾಯಿಯೊಳಗೆ ಬಿಸಿತುಪ್ಪವಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಬೇಕಾದದ್ದು ಒಂದಲ್ಲ, ಎರಡು. ನಿನ್ನ ಮಗಳು ಮಾತಾಡಿದ್ದಳು, ನೀನು ಕೇಳಲಿಲ್ಲ. ಆ ಮಾತು ಈಗ ಹೋಗಿದೆ. ಮೊದಲನೆಯದನ್ನು ಹೇಳದೆ ಎರಡನೆಯದನ್ನು ಹೇಳುವ ದಾರಿಯಿರಲಿಲ್ಲ. ಗಳಿಸಿದ್ದೇ ಗೊತ್ತಿಲ್ಲದವಳಿಗೆ ಕಳೆದದ್ದು ಹೇಗೆ ಗೊತ್ತಾಗಬೇಕು? ತಾನು ಪಕ್ಕದ ಮನೆಯಾಕೆಯಾಗಿ ಆ ತಾಯಿಯ ಎದುರು ನಿಲ್ಲುವುದನ್ನು ನೆನೆದರೆ ಮೆಲ್ಲಮ್ಮನಿಗೆ ನಾಲಿಗೆ ಏಳುತ್ತಿರಲಿಲ್ಲ. ನಾಳೆ ತಿರುಗಬಹುದು, ನಾಡಿದ್ದು ತಿರುಗಬಹುದು ಅಂದುಕೊಳ್ಳುತ್ತ ದಿನ ದೂಡಿದಳು. ಮೌನ ಬಂಗಾರ ಎಂದು ಯಾರು ಹೇಳಿದರೋ, ಅವರು ಕೂಸುಗಳ ಕೋಣೆಯಲ್ಲಿ ಕೆಲಸ ಮಾಡಿದವರಂತೂ ಅಲ್ಲ.

ಗುಬ್ಬಿ ಮರಳಿ ಬಂದ ಹತ್ತೊಂಬತ್ತನೆಯ ದಿನ ಬಾಟಲಿ ಕುದಿಸುವ ಪಾತ್ರೆ ಅವಳ ಕೈ ಜಾರಿ ಕಲ್ಲು ನೆಲಕ್ಕೆ ಬಿತ್ತು. ಏಳು ಕೂಸುಗಳು ಬೆಚ್ಚಿಬಿದ್ದು ಒಟ್ಟಿಗೆ ಕಿರುಚಿದವು. ಗುಬ್ಬಿ ಕನ್ನಡಿಯ ಮುಂದೆ ಕೂತು ತನ್ನ ಬಿಂಬದ ಮೂಗನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಸುತ್ತ ಏಳು ಜನ ಅಳುವುದು ಕನ್ನಡಿಯಲ್ಲಿ ಕಂಡ ಮೇಲೆ ನಿಧಾನವಾಗಿ ಹಿಂತಿರುಗಿ, ಯಾಕೆ ಎನ್ನುವಂತೆ ಮೆಲ್ಲಮ್ಮನ ಮುಖ ನೋಡಿದಳು.

ಆ ಸಂಜೆ ಕಂಡಕ್ಟರಮ್ಮ ಬಂದಾಗ ಮೆಲ್ಲಮ್ಮ ಕೂಸನ್ನು ಕೊಡಲಿಲ್ಲ. "ಒಂದು ನಿಮಿಷ ಒಳಗೆ ಬನ್ನಿ" ಎಂದಳು. ಆಕೆ ಟಿಕೆಟ್ ಚೀಲವನ್ನೂ ಇಳಿಸದೆ ಚಾಪೆಯ ಅಂಚಿನಲ್ಲಿ ನಿಂತಳು.

"ಗುಬ್ಬಿ ಮಾತಾಡಿದ್ಲು. ಜ್ವರಕ್ಕೆ ಹನ್ನೊಂದು ದಿನ ಮುಂಚೆ. ಬಾ ಅಂದ್ಲು, ನನ್ನನ್ನ ಕರೆದ್ಲು. ಆಮೇಲೂ ದಿನಾ ಅಂತಿದ್ಲು. ಈಗ ಅನ್ನಲ್ಲ. ಅವಳಿಗೆ ಕಿವಿ ಕೇಳಿಸ್ತಿಲ್ಲ ತಾಯಿ. ಹತ್ತೊಂಬತ್ತು ದಿನದಿಂದ ನೋಡ್ತಿದೀನಿ."

ಕಂಡಕ್ಟರಮ್ಮನಿಗೆ ಮೊದಲು ಅರ್ಥವಾದದ್ದು ಮೊದಲಿನ ಮಾತೇ. "ಮಾತಾಡಿದ್ಲಾ? ಪುಸ್ತಕದಲ್ಲಿ ಇಲ್ವಲ್ಲ!"

ಮೆಲ್ಲಮ್ಮ ಬೀರುವಿನ ಬಾಗಿಲು ಪೂರ್ತಿ ತೆರೆದು ನೆಲದ ಮೇಲೆ ಕೂತಳು. ಬೆರಳಿಟ್ಟು ತೋರಿಸಿದಳು. ಕಂಡಕ್ಟರಮ್ಮ ಬಗ್ಗಿ ಓದಿದಳು. ಗುಬ್ಬಿಯದನ್ನು ಓದಿ, ಅದರ ಮೇಲಿನದನ್ನು ಓದಿ, ಬಾಗಿಲ ಮೇಲಿದ್ದ ನೂರಾರು ಕೂಸುಗಳ ಸಾಲುಗಳ ಮೇಲೆ ಕಣ್ಣು ಹಾಯಿಸಿದಳು.

"ಇಷ್ಟನ್ನೂ ಮುಚ್ಚಿಟ್ಟಿದ್ರಾ? ನಾನು ಆ ಡಾಕ್ಟರ ಮುಂದೆ ಕೂತು ಇಲ್ಲ ಅಂದೆ. ಹೆತ್ತ ತಾಯಿ, ನನ್ನ ಬಾಯಾರೆ ಇಲ್ಲ ಅಂದೆ! ನನ್ನ ಮಗಳ ಮಾತು ನನ್ನ ಹತ್ರ ಇಲ್ಲ, ನಿಮ್ಮ ಬೀರೂನಲ್ಲಿದೆ!"

"ತಪ್ಪಾಯ್ತು. ಮೊದಲನೇದು ನಿಮಗೇ ಸಿಗಲಿ ಅಂತ ಇಟ್ಟಿದ್ದೆ. ತಪ್ಪಾಯ್ತು."

ಕಂಡಕ್ಟರಮ್ಮ ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಬಾಗಿಲವರೆಗೆ ನಡೆದಳು. ಅಲ್ಲೇ ನಿಂತುಬಿಟ್ಟಳು. ತಿರುಗದೆ ಕೇಳಿದಳು: "ಹೇಗೆ ಅಂದ್ಲು?"

ಮೆಲ್ಲಮ್ಮ ಕೈ ಚಾಚಿ, ಬೆರಳು ಮಡಚಿ, ಕೂಸಿನ ಸಣ್ಣ ದನಿ ಮಾಡಿ "ಬಾ" ಅಂದಳು. ಐವತ್ತೆಂಟು ವರ್ಷದ ಹೆಂಗಸು ಹಾಗೆ ಅಂದರೆ ಯಾರಾದರೂ ನಗಬೇಕು. ಕಂಡಕ್ಟರಮ್ಮ ಗೋಡೆಗೆ ಹಣೆ ಹಚ್ಚಿ ಅತ್ತಳು. ಗುಬ್ಬಿ ಅಮ್ಮನ ಹೆಗಲ ಮೇಲಿನಿಂದ ಮೆಲ್ಲಮ್ಮನ ತುಟಿಗಳನ್ನೇ ನೋಡುತ್ತಿದ್ದಳು.

ಮರುದಿನ ದೊಡ್ಡ ಆಸ್ಪತ್ರೆಗೆ ಮೂವರೂ ಹೋದರು. ಕೆಲಸಕ್ಕೆ ಸೇರಿದ ಮೇಲೆ ಮೆಲ್ಲಮ್ಮ ಹೇಳದೆ ಕೇಳದೆ ರಜೆ ಹಾಕಿದ್ದು ಅದೇ ಮೊದಲು. ಬಾಗಿಲ ಮೇಲಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಕಿವಿಯ ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. "ಜ್ವರಕ್ಕೆ ಮುಂಚೆ ಕೇಳಿಸ್ತಿತ್ತು, ಇದು ಖಾತ್ರಿನಾ?"

"ಖಾತ್ರಿ. ಬಾಗಿಲ ಹಿಂದಿಂದ ಕರೆದ್ರೆ ಬರ್ತಿದ್ಲು."

"ಹಾಗಾದ್ರೆ ಕಾಯೋ ಹಾಗಿಲ್ಲ. ಈ ಜ್ವರ ಆದ ಮೇಲೆ ಕಿವಿಯ ಒಳಗೆ ಮೂಳೆ ಬೆಳೆದು ಗಟ್ಟಿಯಾಗ್ತಾ ಹೋಗಬಹುದು. ಪೂರ್ತಿ ಮುಚ್ಚಿಕೊಂಡ್ರೆ ಒಳಗೆ ಕೇಳಿಸೋ ಯಂತ್ರ ಕೂರಿಸೋದೂ ಕಷ್ಟ."

ಒಂದು ವಾರದಲ್ಲಿ ಪರೀಕ್ಷೆಗಳೆಲ್ಲ ಮುಗಿದವು. ಬಲಗಿವಿಯಲ್ಲಿ ಇನ್ನೂ ಜಾಗ ಉಳಿದಿತ್ತು, ಎಡಗಿವಿ ಮುಚ್ಚಿಹೋಗಿತ್ತು. ಕೂಡಲೇ ಬಲಗಿವಿಗೆ ಶಸ್ತ್ರಚಿಕಿತ್ಸೆ ಮಾಡಿ ಯಂತ್ರ ಕೂರಿಸಿದರು. ಎಡಗಿವಿಯ ವಿಷಯ ಬಂದಾಗ ಮೆಲ್ಲಮ್ಮ ಡಾಕ್ಟರನ್ನು ಕೇಳಿದಳು, "ಹತ್ತೊಂಬತ್ತು ದಿನ ಮುಂಚೆ ಬಂದಿದ್ರೆ?" ಡಾಕ್ಟರು, "ಹೇಳೋಕಾಗಲ್ಲ" ಎಂದರು. ಅವರು ನಿಜಕ್ಕೂ ಅಷ್ಟೇ ಹೇಳಿದರು. ಆದರೆ ಆ ಉತ್ತರ ಮೆಲ್ಲಮ್ಮನ ಜೊತೆ ಮನೆಗೆ ಬಂತು, ಊಟಕ್ಕೆ ಕೂತರೆ ಎದುರು ಕೂತಿತು.

ಮೇಡಂ ಎದುರು ಅವಳು ಎಲ್ಲವನ್ನೂ ಒಪ್ಪಿಕೊಂಡಳು, ಕೆಲಸ ಬಿಡುತ್ತೇನೆ ಎಂದೂ ಹೇಳಿದಳು. ಮೇಡಂ ಬಿಡಲಿಲ್ಲ. ಹೆದರಿಸಬೇಡಿ ಎಂದು ಬಾಯಿ ಮುಚ್ಚಿಸಿದ ತಪ್ಪು ತಮ್ಮದೂ ಇದೆ ಎಂದು ಅವರಿಗೂ ಗೊತ್ತಿತ್ತು. ಅಂದಿನಿಂದ ಪ್ರತಿ ಕೂಸಿನ ಪುಸ್ತಕದಲ್ಲಿ "ಹೊಸದು" ಎಂದು ಒಂದು ಪುಟ ಬಂತು. ಕೂಸು ಸೇರುವ ದಿನವೇ ಮೆಲ್ಲಮ್ಮ ತಾಯಿಯನ್ನು ಕೇಳುವಳು: "ಮೊದಲನೇದು ಇಲ್ಲೇ ಆದ್ರೆ ಹೇಳಲಾ, ಬೇಡವಾ?" ಹೇಳಿ ಅನ್ನುವವರಿಗೆ ಹೇಳುವಳು. ಬೇಡ ಅನ್ನುವವರ ಪುಸ್ತಕದಲ್ಲಿ ಬರೆದು, ಪುಟ ಮಡಚಿ ಪಿನ್ನು ಹಾಕುವಳು. ಬೇಕಾದ ದಿನ ಬಿಚ್ಚಿ ನೋಡಿಕೊಳ್ಳಬಹುದು.

ಕಂಡಕ್ಟರಮ್ಮ ಮಾತ್ರ ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಕೂಸನ್ನು ಅಲ್ಲಿಗೇ ತರುತ್ತಿದ್ದಳು, ಬೇರೆ ದಾರಿಯಿರಲಿಲ್ಲ. "ಯಂತ್ರದ ಬ್ಯಾಟರಿ ಹಾಕಿದೀನಿ." "ಎಂಟಕ್ಕೆ ಔಷಧಿ." ಅಷ್ಟೇ. ಮೆಲ್ಲಮ್ಮನೂ ಅಷ್ಟಕ್ಕೇ ತಲೆಯಾಡಿಸುವಳು. ಗುಬ್ಬಿಯ ಬಲಗಿವಿಯ ಹಿಂದೆ ಗುಂಡಿಯಷ್ಟು ಯಂತ್ರ, ಅದರಿಂದ ತಲೆಗೊಂದು ತಂತಿ. ಬೆಳಿಗ್ಗೆ ಬಂದ ಕೂಡಲೇ ಅದರ ಪುಟ್ಟ ದೀಪ ಉರಿಯುತ್ತಿದೆಯೇ ಎಂದು ನೋಡುವುದು ಮೆಲ್ಲಮ್ಮನ ಮೊದಲ ಕೆಲಸ. ಆಮೇಲೆ ಬಾಗಿಲ ಹಿಂದಿನ ಆಟ. ದಿನಕ್ಕೆ ಇಪ್ಪತ್ತು ಸಲ "ಬಾ." ಎರಡು ತಿಂಗಳು ಗುಬ್ಬಿ ತಿರುಗಲಿಲ್ಲ. ಮೂರನೆಯ ತಿಂಗಳು ಒಮ್ಮೆ ಕೈಯಲ್ಲಿದ್ದ ಆಟಿಕೆ ಬಿಟ್ಟು ಸುಮ್ಮನೆ ಕೂತಳು, ಎಲ್ಲಿಂದಲೋ ಏನೋ ಬಂತು ಎನ್ನುವ ಹಾಗೆ. ನಾಲ್ಕನೆಯದರಲ್ಲಿ ತಿರುಗಿದಳು. ಅಷ್ಟನ್ನೂ ಮೆಲ್ಲಮ್ಮ ಅದೇ ಸಂಜೆ ಪುಸ್ತಕದಲ್ಲಿ ಬರೆದಳು. ಓದಿದ ಕಂಡಕ್ಟರಮ್ಮ "ಹೂಂ" ಅಂದಳು. ಗುಬ್ಬಿಗೆ ಮಾತು ಮಾತ್ರ ಬರಲಿಲ್ಲ.

ಏಳನೆಯ ತಿಂಗಳ ಒಂದು ಬೆಳಿಗ್ಗೆ ಕಂಡಕ್ಟರಮ್ಮ ಕೂಸನ್ನು ಚಾಪೆಯ ಮೇಲೆ ಬಿಟ್ಟು, ಹೋಗದೆ ಅಲ್ಲೇ ನಿಂತಳು.

"ಬಸ್ಸಿಗೆ ಹೊತ್ತಾಗಲ್ವಾ?" ಎಂದಳು ಮೆಲ್ಲಮ್ಮ.

"ಆಗುತ್ತೆ. ಆದ್ರೆ ಆಗಲಿ. ನಿಮ್ಮ ಆಟ ನಾನು ನೋಡೇ ಇಲ್ಲ. ಆಡಿ ನೋಡೋಣ."

ಇಷ್ಟು ತಿಂಗಳಲ್ಲಿ ಆಕೆ ಒಮ್ಮೆಗೆ ಆಡಿದ ಅತಿ ಉದ್ದದ ಮಾತು ಅದು. ಮೆಲ್ಲಮ್ಮ ಬೀರುವಿನ ಬಾಗಿಲು ತೆರೆದು, ಮೊಣಕಾಲು ಹಿಡಿದುಕೊಂಡು ಹಿಂದೆ ಅಡಗಿದಳು. ಒಂದು ಗಳಿಗೆ ಸುಮ್ಮನಿದ್ದಳು.

"ಬಾ."

ಈಚೆಯಿಂದ, ಸ್ವಲ್ಪ ಒರಟಾಗಿ, ಸ್ವಲ್ಪ ಎಳೆದು, ಬಂತು. "ಬಾ."

ಮೆಲ್ಲಮ್ಮ ಎದ್ದು ಬರುವುದರೊಳಗೆ ಗುಬ್ಬಿ ತೂರಾಡಿಕೊಂಡು ನಡೆದು ಬಂದು ಅವಳ ಮೊಣಕಾಲನ್ನು ತಬ್ಬಿದ್ದಳು. "ಅಂದ್ಲು! ಕೇಳಿಸ್ತಾ? ಗುಬ್ಬಿ ಬಾ ಅಂದ್ಲು!" ಮೆಲ್ಲಮ್ಮ ಕೂಗಿದಳು. ಮೆಲ್ಲಗೆ ಅನ್ನುವುದು ಅವಳಿಗೇ ಮರೆತಿತ್ತು, ಮಲಗಿದ್ದ ಇಬ್ಬರು ಎದ್ದು ಅತ್ತರು.

"ಹೌದಾ! ನಿಜವಾಗ್ಲೂ?" ಎಂದಳು ಕಂಡಕ್ಟರಮ್ಮ.

ಹುಬ್ಬು ಏರಿದ್ದೂ ಬಾಯಿ ತೆರೆದದ್ದೂ ಒಟ್ಟಿಗೆ.

ಮೆಲ್ಲಮ್ಮ ಆ ಮುಖವನ್ನು ನೋಡಿದಳು. ಗುಬ್ಬಿ ಮನೆಯಲ್ಲಿ ಈ ಮೊದಲೇ ಅಂದಿದ್ದಾಳೆ. ನಿನ್ನೆಯೋ, ಮೊನ್ನೆಯೋ. ಆ ತಾಯಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬಸ್ಸು ತಪ್ಪಿಸಿಕೊಂಡು, ಇಲ್ಲಿ ನಿಂತಿದ್ದಾಳೆ. ಇಪ್ಪತ್ತಾರು ವರ್ಷದಲ್ಲಿ ತಾನು ಎಷ್ಟೋ ತಾಯಂದಿರಿಗೆ ಕೊಟ್ಟದ್ದನ್ನು ಮೆಲ್ಲಮ್ಮನಿಗೆ ಯಾರೂ ಕೊಟ್ಟಿರಲಿಲ್ಲ. ಗೊತ್ತಾಯಿತೆಂದು ಅವಳು ತೋರಿಸಿಕೊಳ್ಳಲಿಲ್ಲ.

"ನಿಜವಾಗ್ಲೂ" ಎಂದಳು.

"ಸರಿ, ಪುಸ್ತಕದಲ್ಲಿ ಬರೀರಿ. ಬರ್ತೀನಿ ಮೆಲ್ಲಮ್ಮ" ಎಂದು ಕಂಡಕ್ಟರಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಓಡಿದಳು.

ಸಂಜೆ ಎಲ್ಲರೂ ಹೋದ ಮೇಲೆ ಮೆಲ್ಲಮ್ಮ ಪೆನ್ಸಿಲ್ಲು ಹಿಡಿದು ಬೀರುವಿನ ಮುಂದೆ ಕೂತಳು. ಗುಬ್ಬಿಯ ಹಳೆಯ ಸಾಲಿನ ಕೆಳಗೆ ಬರೆದಳು: "ಗುಬ್ಬಿ, ಮತ್ತೆ ಬಾ ಅಂದಳು." ತಾರೀಖಿನ ಜಾಗವನ್ನು ಖಾಲಿ ಬಿಟ್ಟಳು. ಅದು ಗುಬ್ಬಿಯ ಅಮ್ಮನಿಗೆ ಗೊತ್ತು.